ಹಳೆಯ ಪಿಸ್ತೂಲಿನ ಚೌಕಟ್ಟು: ಗುರುತಿಸುವ ಕ್ರಮ ಮತ್ತು ಅದರಿಂದ ಕಲಿಯಬೇಕಾದ ಪಾಠ

ಹಳೆಯ ಯಂತ್ರವೊಂದರ ಮೋಟಾರು, ಬೇರಿಂಗು, ಶಾಫ್ಟುಗಳನ್ನು ಒಂದೊಂದಾಗಿ ಬದಲಾಯಿಸುತ್ತ ಹೋದರೆ ಕೊನೆಗೆ ಉಳಿಯುವುದು ಹಳೆಯ ಯಂತ್ರವೋ ಹೊಸ ಯಂತ್ರವೋ ಎಂಬ ಪ್ರಶ್ನೆ ಕಾರ್ಖಾನೆಗಳಲ್ಲಿ ಆಗಾಗ್ಗೆ ಉದ್ಭವಿಸುತ್ತದೆ. ಲೆಕ್ಕಪತ್ರಗಳಲ್ಲಿ ಅದೇ ಪ್ರಶ್ನೆ ದುರಸ್ತಿ ವೆಚ್ಚವೋ ಬಂಡವಾಳ ವೆಚ್ಚವೋ ಎಂಬ ಚರ್ಚೆಯ ರೂಪ ತಾಳುತ್ತದೆ. ಅಮೆರಿಕದಲ್ಲಿ ವ್ಯವಸ್ಥಿತವಾಗಿ ನಡೆಯುವ ಹಳೆಯ ಆಯುಧಗಳ ವ್ಯಾಪಾರದಲ್ಲಿ ಈ ಪ್ರಶ್ನೆಗೆ ಖಚಿತವಾದ ಉತ್ತರವಿದೆ. ಚೌಕಟ್ಟು ಯಾವುದೋ ಆಯುಧವೂ ಅದೇ, ಉಳಿದವೆಲ್ಲ ಬಿಡಿಭಾಗಗಳು.

ಆದ್ದರಿಂದ ಹಳೆಯ ಅರೆ-ಸ್ವಯಂಚಾಲಿತ ಪಿಸ್ತೂಲನ್ನು ಕೊಳ್ಳುವವನು ಮೊದಲು ನೋಡುವುದು ಅದರ ಹೊಳಪನ್ನಲ್ಲ, ಚೌಕಟ್ಟನ್ನು. ಅದರ ಆಕಾರ, ಅದರ ಮೇಲಿನ ಸಂಖ್ಯೆ ಮತ್ತು ಮುದ್ರೆಗಳನ್ನು ಸರಿಯಾಗಿ ಓದಬಲ್ಲವನು ನಷ್ಟಕ್ಕೆ ಗುರಿಯಾಗುವುದಿಲ್ಲ. ಓದಲಾರದವನು ಸಾಧಾರಣ ಸರಕಿಗೆ ಅಪರೂಪದ ಸರಕಿನ ಬೆಲೆ ತೆರುತ್ತಾನೆ. ಈ ಓದುವಿಕೆಯ ಕ್ರಮವನ್ನು ತಿಳಿಯಲು 1911ರ ಮಾದರಿಯ .45 ಕೋಲ್ಟ್ ಪಿಸ್ತೂಲಿಗಿಂತ ಉತ್ತಮ ಉದಾಹರಣೆ ದೊರೆಯುವುದು ಕಷ್ಟ. ಇದೇ ನಕ್ಷೆಯನ್ನು ಹೊಲಿಗೆ ಯಂತ್ರದ ಕಂಪನಿ, ಬೆರಳಚ್ಚು ಯಂತ್ರದ ಕಂಪನಿ ಮತ್ತು ರೈಲ್ವೆ ಸಿಗ್ನಲ್ ಕಂಪನಿಗಳೂ ತಯಾರಿಸಿದ್ದವು ಎಂಬುದು ಸಣ್ಣ ಉದ್ಯಮಿಗಳಿಗೆ ವಿಶೇಷ ಆಸಕ್ತಿಯ ಸಂಗತಿಯಾಗಿದೆ.

ಚೌಕಟ್ಟಿಗೆ ಏಕೆ ಈ ಪ್ರಾಧಾನ್ಯ?

ಪಿಸ್ತೂಲಿನ ಕೆಳಭಾಗದ ಉಕ್ಕಿನ ಒಡಲನ್ನು ಚೌಕಟ್ಟು ಅಥವಾ ಫ್ರೇಮ್ ಎನ್ನುತ್ತಾರೆ. ಹಿಡಿಕೆ, ಟ್ರಿಗರ್, ಹ್ಯಾಮರ್, ಮ್ಯಾಗಜೀನ್ ಎಲ್ಲಕ್ಕೂ ಇದೇ ಆಧಾರ. ಇದರ ಮೇಲಿನ ಹಳಿಗಳ ಮೇಲೆ ಸ್ಲೈಡ್ ಎಂಬ ಮೇಲ್ಭಾಗವು ಹಿಂದೆ ಮುಂದೆ ಚಲಿಸುತ್ತದೆ. ನಳಿಕೆ, ಸ್ಪ್ರಿಂಗ್, ಹಿಡಿಕೆಯ ಹಲಗೆಗಳು ಸವೆದಾಗ ಬದಲಾಗುತ್ತವೆ. ಸಾಮಾನ್ಯವಾಗಿ ಬದಲಾಗದೆ ಉಳಿಯುವುದು ಚೌಕಟ್ಟು ಮಾತ್ರ. ಕ್ರಮಸಂಖ್ಯೆಯನ್ನು ಅದರ ಮೇಲೆಯೇ ಒತ್ತಲು ಇದೇ ಕಾರಣ.

ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯಿದೆಯು ಈ ವ್ಯವಹಾರ ಪದ್ಧತಿಗೆ ಕಾನೂನಿನ ರೂಪ ಕೊಟ್ಟಿತು. ಆ ಕಾಯಿದೆಯ ಪ್ರಕಾರ ಬರಿಯ ಚೌಕಟ್ಟೂ ಆಯುಧವೆಂದೇ ಪರಿಗಣಿತವಾಗುತ್ತದೆ. ಸ್ಲೈಡ್, ನಳಿಕೆಗಳು ಅಲ್ಲಿ ಸಾಮಾನ್ಯ ಬಿಡಿಭಾಗಗಳು. ಅದೇ ಕಾಯಿದೆಯಲ್ಲಿ "ಪುರಾತನ" ಎಂಬ ಪದಕ್ಕೆ 1898ರಲ್ಲಿ ಅಥವಾ ಅದಕ್ಕೂ ಮುಂಚೆ ತಯಾರಾದುದು ಎಂಬ ಅರ್ಥವಿದೆ. ಆದ್ದರಿಂದ 1911ರ ಮಾದರಿಯು ವ್ಯಾಪಾರದ ಮಾತಿನಲ್ಲಿ ಪುರಾತನವಾದರೂ ಕಾನೂನಿನ ಮಾತಿನಲ್ಲಿ ಪುರಾತನವಲ್ಲ. 50 ವರ್ಷ ಮೀರಿದ ಸಂಗ್ರಹಯೋಗ್ಯ ಆಯುಧ ಎಂಬ ಬೇರೆಯೇ ವರ್ಗಕ್ಕೆ ಅದು ಸೇರುತ್ತದೆ. ವ್ಯವಹಾರದಲ್ಲಿ ಬಳಸುವ ಪದಕ್ಕೂ ಕಾನೂನಿನ ಪದಕ್ಕೂ ಇರುವ ಈ ಅಂತರವನ್ನು ಮೊದಲೇ ತಿಳಿದಿರುವುದು ಒಳಿತು.

1911ರ ಮೂಲ ವಿನ್ಯಾಸ

ಈ ಪಿಸ್ತೂಲನ್ನು ರೂಪಿಸಿದವರು ಜಾನ್ ಮೋಸಸ್ ಬ್ರೌನಿಂಗ್. ಸೇನೆಯ ಅಂತಿಮ ಪರೀಕ್ಷೆಯಲ್ಲಿ ಇದು 6,000 ಗುಂಡುಗಳನ್ನು ಯಾವ ಅಡಚಣೆಯೂ ಇಲ್ಲದೆ ಹಾರಿಸಿತು. 1911ರ ಮಾರ್ಚ್ 29ರಂದು ಅಮೆರಿಕದ ಸೇನೆ ಇದನ್ನು ಅಂಗೀಕರಿಸಿತು. ಕೋಲ್ಟ್ ಕಂಪನಿಯಿಂದ ಮೊದಲ ಪಿಸ್ತೂಲುಗಳು 1912ರ ಜನವರಿಯಲ್ಲಿ ರವಾನೆಯಾದವು.

ಈ ಮೊದಲ ಮಾದರಿಯ ಚೌಕಟ್ಟಿನಲ್ಲಿ ಟ್ರಿಗರಿನ ಹಿಂದಿನ ಭಾಗ ಎರಡೂ ಬದಿಗಳಲ್ಲಿ ಸಮತಟ್ಟಾಗಿರುತ್ತದೆ. ಬೆರಳಿಗೆಂದು ಅಲ್ಲಿ ಯಾವ ತಗ್ಗನ್ನೂ ಕೊರೆದಿರುವುದಿಲ್ಲ. ಹಿಡಿಕೆಯ ಹಿಂಭಾಗದಲ್ಲಿರುವ ಮುಖ್ಯ ಸ್ಪ್ರಿಂಗಿನ ಕವಚವೂ ಚಪ್ಪಟೆ. ಟ್ರಿಗರ್ ಉದ್ದವಾಗಿರುತ್ತದೆ, ಹಿಡಿಕೆಯ ಮರದ ಹಲಗೆಗಳಲ್ಲಿ ಮೊಳೆಗಳ ಸುತ್ತ ವಜ್ರಾಕೃತಿ ಬಿಟ್ಟು ಗೀರುಗಳನ್ನು ಕೆತ್ತಲಾಗಿರುತ್ತದೆ. ಮೊದಲ ಮಹಾಯುದ್ಧದ ಕಾಲದ ಸೇನಾ ಪಿಸ್ತೂಲುಗಳಲ್ಲಿ ಚೌಕಟ್ಟಿನ ಎಡಬದಿಯಲ್ಲಿ "ಯುನೈಟೆಡ್ ಸ್ಟೇಟ್ಸ್ ಪ್ರಾಪರ್ಟಿ" ಎಂಬ ಒಡೆತನದ ಮುದ್ರೆಯೂ ಬಲಬದಿಯಲ್ಲಿ ಕ್ರಮಸಂಖ್ಯೆಯೂ ಇರುತ್ತವೆ. ಖಾಸಗಿ ಗ್ರಾಹಕರಿಗಾಗಿ ಕೋಲ್ಟ್ ತಯಾರಿಸಿದ ಪಿಸ್ತೂಲುಗಳ ಸಂಖ್ಯೆಗೆ ಆ ಕಾಲದಲ್ಲಿ "ಸಿ" ಎಂಬ ಅಕ್ಷರ ಮುಂದೆ ಸೇರಿರುತ್ತಿತ್ತು. ಒಡೆತನದ ಮುದ್ರೆ ಮತ್ತು ಈ ಅಕ್ಷರಗಳಿಂದ ಸರ್ಕಾರಿ ಸರಕು ಯಾವುದು, ಖಾಸಗಿ ಸರಕು ಯಾವುದು ಎಂದು ಬೇರ್ಪಡಿಸಬಹುದು.

1924ರ ಬದಲಾವಣೆಗಳು

ಯುದ್ಧದ ಅನುಭವದ ನಂತರ ಕೆಲವು ದೋಷಗಳು ಗಮನಕ್ಕೆ ಬಂದವು. ಸಣ್ಣ ಕೈಗಳ ಸೈನಿಕರಿಗೆ ಟ್ರಿಗರ್ ಎಟುಕುತ್ತಿರಲಿಲ್ಲ. ಹ್ಯಾಮರ್ ಹಿಂದೆ ಬಂದಾಗ ಹೆಬ್ಬೆರಳಿನ ಬುಡದ ಚರ್ಮ ಅದಕ್ಕೆ ಸಿಲುಕುತ್ತಿತ್ತು. ಗುರಿ ಕೆಳಕ್ಕೆ ವಾಲುವ ಪ್ರವೃತ್ತಿಯೂ ಇತ್ತು. ಇವುಗಳ ಪರಿಹಾರಕ್ಕಾಗಿ ಟ್ರಿಗರನ್ನು ಗಿಡ್ಡಗೊಳಿಸಲಾಯಿತು. ಅದರ ಹಿಂದೆ ಚೌಕಟ್ಟಿನ ಎರಡೂ ಬದಿಗಳಲ್ಲಿ ಅರ್ಧಚಂದ್ರಾಕಾರದ ತಗ್ಗುಗಳನ್ನು ಕೊರೆಯಲಾಯಿತು. ಹಿಡಿಕೆಯ ಹಿಂಬದಿಯ ಸುರಕ್ಷಾ ಕೀಲಿನ ಬಾಲವನ್ನು ಉದ್ದಗೊಳಿಸಿ, ಸ್ಪ್ರಿಂಗಿನ ಕವಚಕ್ಕೆ ಕಮಾನಿನಂತಹ ಉಬ್ಬು ಕೊಡಲಾಯಿತು. 1926ರಲ್ಲಿ ಈ ಪರಿಷ್ಕೃತ ಮಾದರಿಗೆ "ಎಂ1911ಎ1" ಎಂಬ ಹೆಸರು ಬಂದಿತು.

ಇವುಗಳಲ್ಲಿ ಕವಚ, ಟ್ರಿಗರ್, ಸುರಕ್ಷಾ ಕೀಲು ಇವೆಲ್ಲ ಬಿಚ್ಚಿ ಜೋಡಿಸಬಹುದಾದ ಭಾಗಗಳು. ಹಳೆಯ ಪಿಸ್ತೂಲಿಗೆ ಹೊಸ ಭಾಗಗಳನ್ನು, ಹೊಸದಕ್ಕೆ ಹಳೆಯ ಭಾಗಗಳನ್ನು ಯಾರು ಬೇಕಾದರೂ ಹಾಕಬಹುದು. ಚೌಕಟ್ಟಿನಲ್ಲೇ ಕೊರೆದ ಅರ್ಧಚಂದ್ರಾಕಾರದ ತಗ್ಗು ಮಾತ್ರ ಒಮ್ಮೆ ಕೊರೆದರೆ ಹಿಂದಕ್ಕೆ ಹೋಗುವಂತಿಲ್ಲ. ಚಪ್ಪಟೆ ಕವಚ ಮತ್ತು ಉದ್ದ ಟ್ರಿಗರ್ ಇರುವ ಪಿಸ್ತೂಲನ್ನು "1911ರ ಮೂಲ ಮಾದರಿ" ಎಂದು ತೋರಿಸಿದಾಗ, ಟ್ರಿಗರಿನ ಹಿಂದೆ ತಗ್ಗು ಇದ್ದರೆ ಆ ಮಾತನ್ನು ಒಪ್ಪಬೇಕಾಗಿಲ್ಲ.

ಆದರೆ ಇದಕ್ಕೊಂದು ಮುಖ್ಯ ಅಪವಾದವಿದೆ. 1924ರಲ್ಲಿ ಕೋಲ್ಟ್ ಕಂಪನಿ 700001ರಿಂದ 710000ರವರೆಗಿನ ಕ್ರಮಸಂಖ್ಯೆಯ 10,000 ಪಿಸ್ತೂಲುಗಳನ್ನು ಪೂರೈಸಿತು. ಇವುಗಳ ಚೌಕಟ್ಟಿನಲ್ಲಿ ಹೊಸ ತಗ್ಗುಗಳಿವೆ. ಸ್ಲೈಡಿನ ಮೇಲೆ ಮಾತ್ರ 1911ರ ಮಾದರಿ ಎಂಬ ಹಳೆಯ ಹೆಸರೇ ಇದೆ. ಹೊಸ ಹೆಸರು ಬಂದದ್ದು ಎರಡು ವರ್ಷಗಳ ನಂತರವಾದ್ದರಿಂದ ಇದು ಸಹಜ. ವಿಷಯ ತಿಳಿಯದವನು ಇದನ್ನು ಬೇರೆ ಬೇರೆ ಭಾಗಗಳ ಜೋಡಣೆ ಎಂದು ತಳ್ಳಿಹಾಕಿದರೆ ಅಪರೂಪದ ಸರಕನ್ನೇ ಕೈಬಿಟ್ಟಂತೆ. ಮೇಲ್ನೋಟದ ವಿರೋಧವೆಲ್ಲ ಮೋಸವಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಒಂದೇ ನಕ್ಷೆ, ಹಲವು ತಯಾರಕರು

ಮೊದಲ ಮಹಾಯುದ್ಧದಲ್ಲಿ ಕೋಲ್ಟ್ ಜೊತೆಗೆ ಸರ್ಕಾರದ ಸ್ಪ್ರಿಂಗ್‌ಫೀಲ್ಡ್ ಆಯುಧಾಗಾರ ಮತ್ತು ರೆಮಿಂಗ್ಟನ್-ಯುಎಂಸಿ ಕಂಪನಿಗಳೂ ಈ ಪಿಸ್ತೂಲನ್ನು ತಯಾರಿಸಿದವು. ಎರಡನೆಯ ಮಹಾಯುದ್ಧದ ವೇಳೆಗೆ ಆಯುಧ ತಯಾರಿಕೆಯ ಅನುಭವವೇ ಇಲ್ಲದ ಉದ್ಯಮಗಳನ್ನು ತರಬೇತುಗೊಳಿಸುವ ಅಗತ್ಯ ಕಂಡುಬಂದಿತು. ಇದಕ್ಕಾಗಿ "ಶೈಕ್ಷಣಿಕ ಆದೇಶ" ಎಂಬ ವಿಶಿಷ್ಟ ಪದ್ಧತಿಯನ್ನು ಅನುಸರಿಸಲಾಯಿತು. ಸಣ್ಣ ಪ್ರಮಾಣದ ಆರ್ಡರ್ ಕೊಟ್ಟು, ಅದರ ನೆಪದಲ್ಲಿ ನಕ್ಷೆ, ಜಿಗ್, ಗೇಜ್ ಮತ್ತು ಯಂತ್ರೋಪಕರಣಗಳನ್ನು ಸಿದ್ಧಪಡಿಸಿಸುವುದೇ ಇದರ ಉದ್ದೇಶ.

ಹೊಲಿಗೆ ಯಂತ್ರಗಳಿಗೆ ಹೆಸರಾದ ಸಿಂಗರ್ ಕಂಪನಿಗೆ 1940ರ ಏಪ್ರಿಲ್‌ನಲ್ಲಿ 500 ಪಿಸ್ತೂಲುಗಳ ಇಂತಹ ಆದೇಶ ದೊರೆಯಿತು. ಕಂಪನಿ ಅವುಗಳನ್ನು ಪೂರೈಸಿತು. ಅನಂತರ ಅದರ ಆಡಳಿತವರ್ಗ ಪಿಸ್ತೂಲಿನ ಬದಲು ಫಿರಂಗಿ ಮತ್ತು ಬಾಂಬ್ ಗುರಿಕಾರಕ ಉಪಕರಣಗಳ ತಯಾರಿಕೆಯನ್ನು ಆಯ್ದುಕೊಂಡಿತು. ಪಿಸ್ತೂಲಿನ ಯಂತ್ರೋಪಕರಣಗಳು ರೆಮಿಂಗ್ಟನ್ ರಾಂಡ್ ಕಂಪನಿಗೂ, ಕೆಲವು ಇಥಾಕ ಬಂದೂಕು ಕಂಪನಿಗೂ ವರ್ಗಾವಣೆಯಾದವು. ಬೆರಳಚ್ಚು ಯಂತ್ರಗಳ ತಯಾರಕನಾದ ರೆಮಿಂಗ್ಟನ್ ರಾಂಡ್ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಉತ್ಪಾದನೆ ಆರಂಭಿಸಿತು. ಪ್ರಾರಂಭದಲ್ಲಿ ಭಾಗಗಳು ಪರಸ್ಪರ ಹೊಂದದ ತೊಡಕನ್ನು ಎದುರಿಸಿದರೂ ಅದನ್ನು ಸರಿಪಡಿಸಿಕೊಂಡು, 1945ರ ವೇಳೆಗೆ 8 ಲಕ್ಷ 75 ಸಾವಿರಕ್ಕೂ ಹೆಚ್ಚು ಪಿಸ್ತೂಲುಗಳನ್ನು ತಯಾರಿಸಿತು. ಇಥಾಕ ಕಂಪನಿ 3 ಲಕ್ಷ 30 ಸಾವಿರಕ್ಕೂ ಹೆಚ್ಚು, ಪೆನ್ಸಿಲ್ವೇನಿಯದ ಸ್ವಿಸ್‌ವೇಲ್‌ನಲ್ಲಿದ್ದ ರೈಲ್ವೆ ಸಿಗ್ನಲ್ ತಯಾರಕ ಯೂನಿಯನ್ ಸ್ವಿಚ್ ಅಂಡ್ ಸಿಗ್ನಲ್ ಕಂಪನಿ 55,000 ಪಿಸ್ತೂಲುಗಳನ್ನು ಒದಗಿಸಿದವು.

ಇಷ್ಟು ಕಂಪನಿಗಳು ತಯಾರಿಸಿದರೂ ಯಾವುದೇ ಕಂಪನಿಯ ಸ್ಲೈಡ್ ಇನ್ನಾವುದೇ ಕಂಪನಿಯ ಚೌಕಟ್ಟಿನ ಮೇಲೆ ಕೂಡಬೇಕೆಂಬುದು ಸೇನೆಯ ನಿಬಂಧನೆಯಾಗಿತ್ತು. ಮಾದರಿಗಾಗಿ ಆಯ್ದ ಪಿಸ್ತೂಲುಗಳನ್ನು ಬಿಚ್ಚಿ, ಭಾಗಗಳನ್ನು ಬೆರೆಸಿ, ಮತ್ತೆ ಜೋಡಿಸಿ ಪರೀಕ್ಷಿಸಲಾಗುತ್ತಿತ್ತು. ರಣರಂಗದಲ್ಲಿ ಇದು ದೊಡ್ಡ ಅನುಕೂಲ. ಆದರೆ ಇದೇ ಗುಣದಿಂದ ಇಂದಿನ ಸಂಗ್ರಾಹಕನಿಗೆ ತೊಂದರೆ ಉಂಟಾಗಿದೆ. ಸಿಂಗರ್ ಸ್ಲೈಡನ್ನು ರೆಮಿಂಗ್ಟನ್ ರಾಂಡ್ ಚೌಕಟ್ಟಿನ ಮೇಲೆ ಕೂಡಿಸಿದರೆ ಅದು ಸುಸೂತ್ರವಾಗಿ ಚಲಿಸುತ್ತದೆ. ಅದರಿಂದ ಅದು ಸಿಂಗರ್ ಪಿಸ್ತೂಲು ಆಗುವುದಿಲ್ಲ.

ಕ್ರಮಸಂಖ್ಯೆ ಮತ್ತು ತಪಾಸಣಾ ಮುದ್ರೆ

ಸಿಂಗರ್ ಪಿಸ್ತೂಲುಗಳ ಸಂಖ್ಯೆ "ಎಸ್" ಅಕ್ಷರದೊಂದಿಗೆ ಎಸ್800001ರಿಂದ ಎಸ್800500ರವರೆಗೆ ಮಾತ್ರ. ಯೂನಿಯನ್ ಸ್ವಿಚ್ ಕಂಪನಿಗೆ ನಿಗದಿಯಾದದ್ದು 1041405ರಿಂದ 1096404ರವರೆಗೆ. ಎರಡೂ ತುದಿಗಳನ್ನು ಸೇರಿಸಿ ಎಣಿಸಿದರೆ ಸರಿಯಾಗಿ 55,000. ತಯಾರಾದ ಸರಕಿಗೂ ಸಂಖ್ಯೆಗಳ ಪಟ್ಟಿಗೂ ಹೀಗೆ ತಾಳೆಯಾಗುವುದು ಪರಿಶೀಲಕನಿಗೆ ನೆಮ್ಮದಿಯ ವಿಷಯ.

ಆದರೆ ಸಂಖ್ಯೆಯೊಂದನ್ನೇ ನಂಬುವುದೂ ಸರಿಯಲ್ಲ. ಮೊದಲ ಯುದ್ಧದಲ್ಲಿ ರೆಮಿಂಗ್ಟನ್-ಯುಎಂಸಿ ತನ್ನ ಸುಮಾರು 21,700 ಪಿಸ್ತೂಲುಗಳಿಗೆ ಸಂಖ್ಯೆಯನ್ನು 1ರಿಂದಲೇ ಆರಂಭಿಸಿತು. ಕೋಲ್ಟ್ ಕೂಡ 1ರಿಂದಲೇ ಆರಂಭಿಸಿತ್ತು. ಹೀಗಾಗಿ ಒಂದೇ ಸಂಖ್ಯೆಯ ಎರಡು ನೈಜ ಚೌಕಟ್ಟುಗಳು ಇರಲು ಸಾಧ್ಯ. ಎರಡು ಸಂಸ್ಥೆಗಳ ಬಿಲ್ ಪುಸ್ತಕದಲ್ಲಿ ಒಂದೇ ಬಿಲ್ ಸಂಖ್ಯೆ ಇದ್ದಂತೆ ಇದು. ಸಂಸ್ಥೆಯ ಹೆಸರಿಲ್ಲದೆ ಬರಿಯ ಸಂಖ್ಯೆಗೆ ಅರ್ಥವಿಲ್ಲ.

ಈ ಕೊರತೆಯನ್ನು ತುಂಬುವುದು ಸೇನಾ ತಪಾಸಣಾಧಿಕಾರಿಯ ಮುದ್ರೆ. ಸರಕನ್ನು ಸ್ವೀಕರಿಸುವಾಗ ಅಧಿಕಾರಿಯ ಹೆಸರಿನ ಮೊದಲಕ್ಷರಗಳನ್ನು ಚೌಕಟ್ಟಿನ ಎಡಬದಿಯಲ್ಲಿ ಒತ್ತಲಾಗುತ್ತಿತ್ತು. ಸಿಂಗರ್ ಪಿಸ್ತೂಲುಗಳ ಮೇಲೆ ಜಾನ್ ಕೆ. ಕ್ಲೆಮೆಂಟ್ ಅವರ "ಜೆ.ಕೆ.ಸಿ.", ಯೂನಿಯನ್ ಸ್ವಿಚ್ ಪಿಸ್ತೂಲುಗಳ ಮೇಲೆ ರಾಬರ್ಟ್ ಸಿ. ಡೌನಿ ಅವರ "ಆರ್.ಸಿ.ಡಿ." ಕಾಣುತ್ತವೆ. ರೆಮಿಂಗ್ಟನ್ ರಾಂಡ್ ಮತ್ತು ಇಥಾಕ ಎರಡರ ಮೇಲೂ ಫ್ರಾಂಕ್ ಜೆ. ಅಟ್‌ವುಡ್ ಅವರ "ಎಫ್.ಜೆ.ಎ." ಇದೆ; ಎರಡೂ ಕಾರ್ಖಾನೆಗಳು ನ್ಯೂಯಾರ್ಕ್ ರಾಜ್ಯದ ಒಂದೇ ಸೇನಾ ತಪಾಸಣಾ ವಲಯಕ್ಕೆ ಸೇರಿದ್ದವು. ಕೋಲ್ಟ್ ಪಿಸ್ತೂಲುಗಳ ಮೇಲೆ ಯುದ್ಧಕಾಲದಲ್ಲಿ "ಡಬ್ಲ್ಯು.ಬಿ." ಮತ್ತು ಅನಂತರ "ಜಿ.ಎಚ್.ಡಿ." ಮುದ್ರೆಗಳು ಬಂದವು. ಯೂನಿಯನ್ ಸ್ವಿಚ್‌ನ ಆರಂಭದ ಚೌಕಟ್ಟುಗಳಲ್ಲಿ ಈ ಮುದ್ರೆ ಇರುವುದಿಲ್ಲವೆಂಬುದನ್ನೂ ಗಮನದಲ್ಲಿಡಬೇಕು.

ಸಂಖ್ಯೆ ಒಂದು ಸಾಕ್ಷಿ, ತಪಾಸಣಾ ಮುದ್ರೆ ಇನ್ನೊಂದು ಸಾಕ್ಷಿ. ಸಂಖ್ಯೆಯನ್ನು ಒತ್ತಿದವನು ತಯಾರಕ. ಮುದ್ರೆಯನ್ನು ಒತ್ತಿಸಿದವನು ಖರೀದಿದಾರ. ಬೇರೆ ಬೇರೆ ಹಿತಾಸಕ್ತಿಯ ಇಬ್ಬರ ಗುರುತುಗಳು ಒಂದನ್ನೊಂದು ಸಮರ್ಥಿಸಿದಾಗ ಮಾತ್ರ ನಂಬಿಕೆಗೆ ಗಟ್ಟಿಯಾದ ಆಧಾರ ದೊರೆಯುತ್ತದೆ.

ಮೇಲ್ಮೈ ಹೇಳುವ ಕಥೆ

ಆರಂಭದ ಕೋಲ್ಟ್ ಚೌಕಟ್ಟುಗಳಿಗೆ ನುಣುಪಾದ ನೀಲಿ ಹೊಳಪನ್ನು ಕೊಡಲಾಗುತ್ತಿತ್ತು. 1918ರ ಯುದ್ಧದ ಅವಸರದಲ್ಲಿ ಪಾಲಿಷ್ ಕಡಿಮೆಯಾಗಿ, ಕಪ್ಪು ಛಾಯೆಯ ಮೇಲ್ಮೈ ಅಡಿಯಲ್ಲಿ ಮಿಲ್ಲಿಂಗ್ ಯಂತ್ರದ ಗೀರುಗಳು ಕಾಣುವಂತಾಯಿತು. 1941ರಲ್ಲಿ ಕೋಲ್ಟ್ ಕಂಪನಿ ಸೇನಾ ಪಿಸ್ತೂಲುಗಳಿಗೆ ಬೂದು ಬಣ್ಣದ ಫಾಸ್ಫೇಟ್ ಲೇಪವನ್ನು ಅಳವಡಿಸಿಕೊಂಡಿತು. ಯೂನಿಯನ್ ಸ್ವಿಚ್ ಮೇಲ್ಮೈಗೆ ಮರಳು ಹೊಡೆದು ಅನಂತರ ರಾಸಾಯನಿಕ ನೀಲಿಬಣ್ಣ ನೀಡಿತು.

1918ರ ಚೌಕಟ್ಟು ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದನ್ನು ಇತ್ತೀಚೆಗೆ ಪಾಲಿಷ್ ಮಾಡಲಾಗಿದೆ ಎಂದೇ ಅರ್ಥ. ನಮ್ಮಲ್ಲಿ ಹಳೆಯ ವಸ್ತುವನ್ನು ತೊಳೆದು ಬೆಳಗಿದರೆ ಬೆಲೆ ಹೆಚ್ಚುತ್ತದೆಂಬ ಭಾವನೆಯಿದೆ. ಈ ವ್ಯಾಪಾರದಲ್ಲಿ ಅದು ತದ್ವಿರುದ್ಧ. ಸವೆದರೂ ಮೂಲ ಮೇಲ್ಮೈ ಉಳಿಸಿಕೊಂಡ ಪಿಸ್ತೂಲಿಗೆ ಬೆಲೆ ಹೆಚ್ಚು. ಹೊಸದಾಗಿ ಲೇಪ ಕೊಟ್ಟದ್ದಕ್ಕೆ ಕಡಿಮೆ. ಪಾಲಿಷ್ ಮಾಡಿದಾಗ ಅಕ್ಷರಗಳ ಅಂಚುಗಳು ಮಾಸುತ್ತವೆ, ಮುದ್ರೆಗಳ ಆಳ ಕಡಿಮೆಯಾಗುತ್ತದೆ, ಮೂಲೆಗಳ ಚೂಪು ಹೋಗುತ್ತದೆ. ಸಾಕ್ಷ್ಯವೇ ಅಳಿಸಿಹೋದಂತೆ.

ಹೋಲಿಕೆಯಿದ್ದೂ ಬೇರೆಯಾದವು

ನಾರ್ವೆಯ ಕೊಂಗ್ಸ್‌ಬರ್ಗ್‌ನಲ್ಲಿ ಪರವಾನಗಿಯೊಂದಿಗೆ 1914ರ ಮಾದರಿಯನ್ನು ತಯಾರಿಸಲಾಯಿತು. ಅದರ ಎಡಬದಿಯಲ್ಲಿ ಸ್ಲೈಡನ್ನು ತಡೆಹಿಡಿಯುವ ಕೀಲಿನ ಹಿಡಿ ಉದ್ದವಾಗಿರುತ್ತದೆ. ಅರ್ಜೆಂಟೀನಾದ 1927ರ ಮಾದರಿಯೂ ಪರವಾನಗಿ ಪಡೆದದ್ದೇ. ಅದೇ ದೇಶದಲ್ಲಿ 1938ರಲ್ಲಿ ಬಂದ ಬಾಲೆಸ್ಟರ್-ಮೊಲಿನಾ ಮಾತ್ರ ನೋಟಕ್ಕೆ ಕೋಲ್ಟ್‌ನಂತಿದ್ದರೂ ಬೇರೆಯ ವಿನ್ಯಾಸ. ಅದರ ಹಿಡಿಕೆಯ ಹಿಂಬದಿಯಲ್ಲಿ ಸುರಕ್ಷಾ ಕೀಲು ಇಲ್ಲ. ಟ್ರಿಗರ್ ನೇರವಾಗಿ ಹಿಂದಕ್ಕೆ ಸರಿಯುವುದರ ಬದಲು ಒಂದು ಕೀಲಿನ ಮೇಲೆ ತಿರುಗುತ್ತದೆ. ನಳಿಕೆ, ಮ್ಯಾಗಜೀನ್‌ಗಳು ಕೋಲ್ಟ್‌ನವುಗಳೊಂದಿಗೆ ಹೊಂದುತ್ತವೆ ಎಂಬ ಕಾರಣಕ್ಕೆ ಎರಡನ್ನೂ ಒಂದೇ ಎಂದು ಭಾವಿಸಿದವರಿದ್ದಾರೆ. ಚೌಕಟ್ಟಿನ ಹಿಂಬದಿಯನ್ನು ಒಮ್ಮೆ ನೋಡಿದರೆ ಈ ಸಂಶಯ ನಿವಾರಣೆಯಾಗುತ್ತದೆ.

ವ್ಯತ್ಯಾಸ ಕಂಡಾಗ

ಚೌಕಟ್ಟು ಒಂದು ಕಂಪನಿಯದು, ಸ್ಲೈಡ್ ಇನ್ನೊಂದರದು ಎಂದು ಕಂಡುಬಂದಾಗ ಅದಕ್ಕೆ ಎರಡು ಕಾರಣಗಳಿರಬಹುದು. ಮೊದಲನೆಯದು, ಸೇನೆಯ ಪುನರ್‌ನಿರ್ಮಾಣ. ಯುದ್ಧದ ನಂತರ ಹಳೆಯ ಪಿಸ್ತೂಲುಗಳನ್ನು ಆಯುಧಾಗಾರಗಳಲ್ಲಿ ಬಿಚ್ಚಿ, ಸವೆದ ಭಾಗಗಳನ್ನು ತೆಗೆದು, ದೊರೆತ ಭಾಗಗಳಿಂದ ಮತ್ತೆ ಜೋಡಿಸಲಾಯಿತು. ಇಂತಹ ಚೌಕಟ್ಟುಗಳ ಮೇಲೆ ಅಗಸ್ಟ ಆಯುಧಾಗಾರದ "ಎ.ಎ.", ರಾಕ್ ಐಲೆಂಡ್ ಆಯುಧಾಗಾರದ "ಆರ್.ಐ.ಎ." ಮುಂತಾದ ಮುದ್ರೆಗಳಿರುತ್ತವೆ. ಇದು ಮೋಸವಲ್ಲ; ಆ ಪಿಸ್ತೂಲಿನ ಸೇವೆಯ ಇತಿಹಾಸ.

ಎರಡನೆಯದು, ಮಾರಾಟಕ್ಕಾಗಿ ಮಾಡಿದ ಜೋಡಣೆ. ಕೇವಲ 500ರಷ್ಟಿರುವ ಸಿಂಗರ್ ಪಿಸ್ತೂಲುಗಳು ಹರಾಜುಗಳಲ್ಲಿ ಒಂದು ಲಕ್ಷ ಡಾಲರನ್ನೂ ಮೀರಿದ ಬೆಲೆ ಪಡೆದಿರುವುದರಿಂದ ನಕಲಿನ ಆಸೆ ಹುಟ್ಟುವುದು ಸಹಜ. ಸಾಮಾನ್ಯ ಚೌಕಟ್ಟಿನ ಸಂಖ್ಯೆಯನ್ನು ಉಜ್ಜಿ ಹೊಸ ಸಂಖ್ಯೆಯನ್ನು ಒತ್ತಿದಾಗ ಆ ಜಾಗ ಸುತ್ತಲಿನ ಲೋಹಕ್ಕಿಂತ ತುಸು ತಗ್ಗಾಗಿರುತ್ತದೆ. ಉಜ್ಜಿದ ಗೀರುಗಳ ದಿಕ್ಕು ಉಳಿದ ಭಾಗದ ಗೀರುಗಳೊಂದಿಗೆ ಹೊಂದುವುದಿಲ್ಲ. ಅಕ್ಷರಗಳ ಅಳತೆ, ಅಂತರಗಳು ಮೂಲದಿಂದ ಭಿನ್ನವಾಗಿರುತ್ತವೆ. ಓರೆಯಾಗಿ ಬೆಳಕು ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಇವು ಗೋಚರಿಸುತ್ತವೆ. ಕೋಲ್ಟ್ ಪಿಸ್ತೂಲಾದರೆ, ನಿರ್ದಿಷ್ಟ ಸಂಖ್ಯೆಯ ಪಿಸ್ತೂಲು ಯಾವಾಗ, ಎಲ್ಲಿಗೆ ರವಾನೆಯಾಯಿತೆಂಬ ಪತ್ರವನ್ನು ಕಂಪನಿಯ ದಾಖಲೆ ವಿಭಾಗದಿಂದ ಶುಲ್ಕ ಕೊಟ್ಟು ಪಡೆಯುವ ಪದ್ಧತಿಯಿದೆ.

ಪರಿಶೀಲನೆಯ ಕ್ರಮ

ಅನುಭವಸ್ಥರು ಅನುಸರಿಸುವ ಕ್ರಮವನ್ನು ಸಂಕ್ಷಿಪ್ತವಾಗಿ ಹೀಗೆ ಹೇಳಬಹುದು:

1. ಸ್ಲೈಡಿನ ಮೇಲಿನ ಹೆಸರನ್ನು ಸದ್ಯಕ್ಕೆ ಬದಿಗಿಟ್ಟು, ಟ್ರಿಗರಿನ ಹಿಂದಿನ ತಗ್ಗು ಮತ್ತು ಹಿಡಿಕೆಯ ಹಿಂಬದಿಯಿಂದ ಚೌಕಟ್ಟಿನ ಮಾದರಿಯನ್ನು ನಿರ್ಧರಿಸುವುದು.
2. ಕ್ರಮಸಂಖ್ಯೆಯನ್ನು ಅದರ ಅಕ್ಷರಸಹಿತ ಬರೆದುಕೊಂಡು, ಅದು ಯಾವ ತಯಾರಕನಿಗೆ, ಯಾವ ವರ್ಷಕ್ಕೆ ಸೇರುತ್ತದೆಂದು ನೋಡುವುದು.
3. ತಪಾಸಣಾ ಮುದ್ರೆ ಆ ತಯಾರಕನಿಗೆ ಮತ್ತು ಆ ವರ್ಷಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸುವುದು.
4. ಮೇಲ್ಮೈಯ ಲೇಪ ಆ ಕಾಲದ್ದೇ, ಅಕ್ಷರಗಳ ಅಂಚುಗಳು ಉಳಿದಿವೆಯೇ ಎಂದು ಗಮನಿಸುವುದು.
5. ಪುನರ್‌ನಿರ್ಮಾಣದ ಮುದ್ರೆಗಳಿದ್ದರೆ ಗುರುತಿಸಿಕೊಳ್ಳುವುದು.
6. ಕೊನೆಗೆ ಸ್ಲೈಡ್, ನಳಿಕೆ, ಕವಚಗಳನ್ನು ಚೌಕಟ್ಟಿನೊಂದಿಗೆ ಹೋಲಿಸಿ, ಹೊಂದದ್ದನ್ನೆಲ್ಲ ಮಾರಾಟದ ವಿವರಣೆಯಲ್ಲಿ ನಮೂದಿಸುವುದು.

ಈ ಕ್ರಮವನ್ನು ತಲೆಕೆಳಗು ಮಾಡಿ, ಮೊದಲು ಸ್ಲೈಡಿನ ಹೆಸರನ್ನು ಓದಿ ಮನಸ್ಸಿನಲ್ಲೇ ಬೆಲೆ ಕಟ್ಟಿದವನು ಅನಂತರ ಕಂಡ ವ್ಯತ್ಯಾಸಗಳಿಗೆಲ್ಲ ತಾನೇ ಸಮಜಾಯಿಷಿ ಹುಡುಕತೊಡಗುತ್ತಾನೆ. ಹೆಚ್ಚಿನ ನಷ್ಟಗಳು ಇಲ್ಲಿಂದಲೇ ಆರಂಭವಾಗುತ್ತವೆ.

ನಮ್ಮ ದೇಶದ ಕಾನೂನು

ಮೇಲೆ ವಿವರಿಸಿದ್ದು ಅಮೆರಿಕದ ಮಾರುಕಟ್ಟೆಯ ಪದ್ಧತಿ. ಭಾರತದಲ್ಲಿ 1959ರ ಆಯುಧ ಕಾಯಿದೆಯು ಇದಕ್ಕಿಂತ ಕಟ್ಟುನಿಟ್ಟಾಗಿದೆ. ಇಲ್ಲಿ ಆಯುಧದ ವ್ಯಾಖ್ಯೆಯಲ್ಲಿ ಚೌಕಟ್ಟು ಮಾತ್ರವಲ್ಲ, ಬಿಡಿಭಾಗಗಳೂ, ಆಯುಧ ತಯಾರಿಸುವ ಯಂತ್ರೋಪಕರಣಗಳೂ ಸೇರಿವೆ. 3ನೇ ಕಲಮಿನಂತೆ ಪರವಾನಗಿಯಿಲ್ಲದೆ ಇವುಗಳನ್ನು ಹೊಂದುವಂತಿಲ್ಲ. 5ನೇ ಕಲಮಿನಂತೆ ತಯಾರಿಕೆ, ಮಾರಾಟಗಳಿಗಷ್ಟೇ ಅಲ್ಲದೆ ದುರಸ್ತಿ ಮತ್ತು ಪರೀಕ್ಷೆಗೂ ಪರವಾನಗಿ ಅಗತ್ಯ. ಹಿರಿಯರ ಕಾಲದ ಪಿಸ್ತೂಲಿಗೆ ಒಂದು ಪಿನ್ನನ್ನೋ ಸ್ಪ್ರಿಂಗಿನ ಕವಚವನ್ನೋ ಮಾಡಿಕೊಡಬೇಕೆಂದು ಯಾರಾದರೂ ನಕ್ಷೆ ಹಿಡಿದು ಲೇತ್ ಅಂಗಡಿಗೆ ಬಂದರೆ, ಅದನ್ನು ಸಾಮಾನ್ಯ ಜಾಬ್ ವರ್ಕ್ ಎಂದು ತಿಳಿದು ಒಪ್ಪಿಕೊಳ್ಳುವುದು ಅಪಾಯಕಾರಿ. ಮನೆಯಲ್ಲಿ ಹಳೆಯ ಆಯುಧ ದೊರೆತವರು ಅದನ್ನು ಬೆಳಗಲೂ ಮಾರಲೂ ಹೋಗದೆ, ಮೊದಲು ಪೊಲೀಸ್ ಠಾಣೆ ಅಥವಾ ಜಿಲ್ಲಾ ಪರವಾನಗಿ ಪ್ರಾಧಿಕಾರವನ್ನು ಸಂಪರ್ಕಿಸುವುದು ಸೂಕ್ತ.

ಉದ್ಯಮಿಗಳಿಗೆ ಪಾಠ

ಭಾಗಗಳು ಪರಸ್ಪರ ಹೊಂದುವಂತೆ ತಯಾರಿಸುವುದು ಉತ್ತಮ ಉತ್ಪಾದನೆಯ ಲಕ್ಷಣ. ಆದರೆ ಎಲ್ಲ ಭಾಗಗಳೂ ಎಲ್ಲದಕ್ಕೂ ಹೊಂದುವಾಗ ವಸ್ತುವಿನ ಗುರುತು ಕಳೆದುಹೋಗುವ ಅಪಾಯವೂ ಇದೆ. ಪಂಪು, ಗೇರ್‌ಬಾಕ್ಸ್, ಕವಾಟ ಯಾವುದನ್ನೇ ತಯಾರಿಸಿದರೂ, ಬದಲಾಗದ ಒಂದು ಮುಖ್ಯ ಭಾಗದ ಮೇಲೆ ಸಂಖ್ಯೆಯನ್ನು ಅಳಿಯದಂತೆ ಒತ್ತುವುದು, ತಪಾಸಣೆ ಮಾಡಿದವನ ಗುರುತನ್ನು ಅದರ ಪಕ್ಕದಲ್ಲಿರಿಸುವುದು ಮತ್ತು ಯಾವ ಸಂಖ್ಯೆಯಿಂದ ವಿನ್ಯಾಸ ಬದಲಾಯಿತೆಂಬುದನ್ನು ಪುಸ್ತಕದಲ್ಲಿ ಬರೆದಿಡುವುದು ಹೆಚ್ಚಿನ ವೆಚ್ಚದ ಕೆಲಸಗಳಲ್ಲ. ವಾರಂಟಿಯ ತಕರಾರು ಬಂದಾಗ, ನಕಲಿ ಸರಕು ಮಾರುಕಟ್ಟೆಯಲ್ಲಿ ಕಂಡಾಗ, ತಯಾರಕನ ಪರವಾಗಿ ಸಾಕ್ಷಿ ನುಡಿಯುವುದು ಆ ಗುರುತುಗಳೇ. ಹೊಲಿಗೆ ಯಂತ್ರದ ಕಂಪನಿಯೊಂದು ಒಮ್ಮೆ ಮಾತ್ರ ತಯಾರಿಸಿದ 500 ಪಿಸ್ತೂಲುಗಳನ್ನು 80 ವರ್ಷಗಳ ನಂತರವೂ ಅಸಲಿ ಯಾವುದು, ನಕಲಿ ಯಾವುದು ಎಂದು ಬೇರ್ಪಡಿಸಲು ಸಾಧ್ಯವಾಗಿರುವುದು ಅಂದು ಕ್ರಮವಾಗಿ ಒತ್ತಿದ ಆ ಸಂಖ್ಯೆ ಮತ್ತು ಮೂರು ಅಕ್ಷರಗಳಿಂದ.